ಆಫೀಸ್ ನೆಟ್‌ವರ್ಕ್ ಸ್ಲೋ ಆಗಿದೆಯೇ? ಕೇಬಲ್‌ನ ಎರಡೂ ತುದಿ ನೋಡಿ

ಹಳೆಯ ವಿಂಡೋಸ್ ಕಂಪ್ಯೂಟರ್, ಹೊಸ ಮ್ಯಾಕ್, ಮೂಲೆಯಲ್ಲೊಂದು ಲಿನಕ್ಸ್ ಸರ್ವರ್, ಯಾರೂ ಮುಟ್ಟದ ಪ್ರಿಂಟರ್. ಎಲ್ಲ ಒಂದೇ ಸ್ವಿಚ್‌ಗೆ (ಕೇಬಲ್‌ಗಳನ್ನು ಸೇರಿಸುವ ಪೆಟ್ಟಿಗೆ) ಸೇರಿದ ಆಫೀಸಿನಲ್ಲಿ 'ನೆಟ್ ಸ್ಲೋ' ಎಂಬ ದೂರು ಬಂದೇ ಬರುತ್ತದೆ. ಆಗ ಕಣ್ಣಿಗೆ ಬಿದ್ದ ಸೆಟ್ಟಿಂಗನ್ನೆಲ್ಲ ಸುಮ್ನೆ ಬದಲಿಸಬೇಡಿ.

ಮೊದಲು ಅಳೆಯಿರಿ. ನೆಟ್‌ವರ್ಕ್ ವೇಗ ಅಳೆಯುವ ಐಪರ್ಫ್3 ಎಂಬ ಉಚಿತ ತಂತ್ರಾಂಶವನ್ನು ಸರ್ವರ್‌ನಲ್ಲೂ ಸ್ಲೋ ಇರುವ ಕಂಪ್ಯೂಟರ್‌ನಲ್ಲೂ ಓಡಿಸಿ. ಗಿಗಾಬಿಟ್ ಲಿಂಕ್ ಇದ್ದರೆ ಸೆಕೆಂಡಿಗೆ 940 ಮೆಗಾಬಿಟ್ ಆಸುಪಾಸು ಸಿಗಬೇಕು. 94 ಬಂತೇ? ಹಾಗಾದರೆ ಲಿಂಕ್ 100ಕ್ಕೆ ಇಳಿದಿದೆ. ಗಿಗಾಬಿಟ್‌ಗೆ ಕೇಬಲ್ಲಿನ 8 ತಂತಿಗಳೂ ಬೇಕು, 100ಕ್ಕೆ 4 ಸಾಕು. ಒಂದು ತಂತಿ ಸಡಿಲವಾದರೂ ಹೀಗಾಗಬಹುದು. ಬೇರೆ ಕೇಬಲ್ ಹಾಕಿ ನೋಡಿ.

94 ಕೂಡ ಬರದೆ ತೀರಾ ಕುಂಟುತ್ತಿದ್ದರೆ ಡ್ಯುಪ್ಲೆಕ್ಸ್ ಮೇಲೆ ಅನುಮಾನ ಪಡಿ. ಫುಲ್ ಡ್ಯುಪ್ಲೆಕ್ಸ್ ಅಂದರೆ ಎರಡೂ ಕಡೆಯವರು ಏಕಕಾಲಕ್ಕೆ ಕಳಿಸಬಹುದು, ಹಾಫ್ ಅಂದರೆ ಒಂದು ಸಲಕ್ಕೆ ಒಬ್ಬರೇ. ಯಾವುದೋ ಕಾಲದಲ್ಲಿ ಯಾರೋ ಸ್ವಿಚ್ ಪೋರ್ಟನ್ನು 100 ಫುಲ್ ಡ್ಯುಪ್ಲೆಕ್ಸ್‌ಗೆ ಫಿಕ್ಸ್ ಮಾಡಿರುತ್ತಾರೆ, ಕಂಪ್ಯೂಟರ್ ಆಟೋದಲ್ಲೇ (ಎದುರಿನ ಯಂತ್ರದ ಜತೆ ಮಾತಾಡಿ ತಾನೇ ಹೊಂದಿಸಿಕೊಳ್ಳುವ ಸೆಟ್ಟಿಂಗ್) ಇರುತ್ತದೆ. ಕಂಪ್ಯೂಟರ್‌ಗೆ ವೇಗವೇನೋ ಗೊತ್ತಾಗುತ್ತದೆ, ಡ್ಯುಪ್ಲೆಕ್ಸ್ ಗೊತ್ತಾಗದೆ ಹಾಫ್‌ಗೆ ಇಳಿಯುತ್ತದೆ. ಒಬ್ಬರು ಎದುರಿನವರ ಮಾತು ಮುಗಿಯಲಿ ಎಂದು ಕಾಯುವವರು, ಇನ್ನೊಬ್ಬರು ಯಾರನ್ನೂ ಕಾಯದವರು! ಪಿಂಗ್ (ಚಿಕ್ಕ ಸಂದೇಶ ಕಳಿಸಿ ಉತ್ತರ ಬರುತ್ತದೆಯೇ ನೋಡುವ ಪರೀಕ್ಷೆ) ಮಾಡಿದರೆ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ದೊಡ್ಡ ಫೈಲ್ ಕಾಪಿ ಮಾಡಿದಾಗ ಬಣ್ಣ ಬಯಲು. ಈ ಪಿಂಗ್ ನಂಬಿ ನಾನೂ ಒಮ್ಮೆ ಎರಡು ದಿನ ಕಳೆದಿದ್ದೇನೆ. ಸ್ವಿಚ್‌ನ ಪೋರ್ಟ್ ಲೆಕ್ಕದಲ್ಲಿ ಸಿಆರ್‌ಸಿ ಎರರ್ (ಕೆಟ್ಟು ಬಂದ ಡೇಟಾ), ಹಾಫ್‌ಗೆ ಇಳಿದ ಕಂಪ್ಯೂಟರ್ ಕಡೆ ಲೇಟ್ ಕೊಲಿಷನ್ (ತಡವಾಗಿ ಆದ ಡೇಟಾ ಡಿಕ್ಕಿ) ಏರುತ್ತಿದ್ದರೆ ಕಳ್ಳ ಬಹುತೇಕ ಇವನೇ. ಎರಡೂ ಕಡೆ ಆಟೋ ಇಡಿ. ತೀರಾ ಹಳೆಯ ಯಂತ್ರ ಆಟೋಗೆ ಒಗ್ಗದಿದ್ದರೆ ಎರಡೂ ಕಡೆ ಒಂದೇ ಥರ ಫಿಕ್ಸ್ ಮಾಡಿ. ತಾಮ್ರದ ಗಿಗಾಬಿಟ್ ಲಿಂಕ್‌ನಲ್ಲಂತೂ ಆಟೋ ಕಡ್ಡಾಯ.

ಇನ್ನು ಎಂಟಿಯು, ಅಂದರೆ ಒಂದು ಸಲಕ್ಕೆ ಕಳಿಸಬಹುದಾದ ಡೇಟಾ ತುಣುಕಿನ (ಪ್ಯಾಕೆಟ್) ಗರಿಷ್ಠ ಅಳತೆ. 9000 ಬೈಟ್‌ನ ಜಂಬೋ ಫ್ರೇಮ್ (ದೊಡ್ಡ ತುಣುಕು) ಹಾಕಿದರೆ ವೇಗ ಜಾಸ್ತಿ ಎಂಬ ಆಸೆ ಸಹಜ. ಆದರೆ ಆ ಜಾಲದ ಸ್ವಿಚ್, ಸರ್ವರ್, ಪ್ರಿಂಟರ್ ಎಲ್ಲಕ್ಕೂ ಅದೇ ಅಳತೆ ಒಪ್ಪಿಗೆಯಾಗಬೇಕು. ಬೆರಕೆ ನೆಟ್‌ವರ್ಕ್‌ನಲ್ಲಿ ಅದು ಆಗುವ ಮಾತಲ್ಲ, 1500 ಇರಲಿ. ಪರೀಕ್ಷಿಸಲು, ಪ್ಯಾಕೆಟ್ ಒಡೆಯದಂತೆ ಹೇಳಿ 1472 ಬೈಟ್‌ನ ಪಿಂಗ್ ಕಳಿಸಿ. ಪ್ಯಾಕೆಟ್‌ನ ವಿಳಾಸ ಚೀಟಿಯಂಥ ಹೆಡರ್‌ಗಳ 28 ಸೇರಿ 1500 ಆಗುತ್ತದೆ. ಉತ್ತರ ಬಂದರೆ ದಾರಿ ಸರಿ ಇದೆ.

ವೈಫೈನಲ್ಲಿ 2.4 ಗಿಗಾಹರ್ಟ್ಸ್‌ಗೆ 1, 6, 11ರ ಚಾನೆಲ್ ಮಾತ್ರ ಬಳಸಿ. ಅಗಲ 20 ಮೆಗಾಹರ್ಟ್ಸ್ ಸಾಕು. ಲ್ಯಾಪ್‌ಟಾಪ್‌ಗಳನ್ನು 5 ಗಿಗಾಹರ್ಟ್ಸ್‌ಗೆ ಕಳಿಸಿ.

ಕೊನೆಗೆ ವಿಂಡೋಸ್‌ನ ಟಿಸಿಪಿ ಆಟೋಟ್ಯೂನಿಂಗ್, ಅಂದರೆ ಒಂದೇ ಸಲಕ್ಕೆ ಎಷ್ಟು ಡೇಟಾ ಬರಮಾಡಿಕೊಳ್ಳಬೇಕೆಂದು ವಿಂಡೋಸ್ ತಾನೇ ಹೊಂದಿಸುವ ವ್ಯವಸ್ಥೆ. ವೇಗ ಹೆಚ್ಚಿಸುವ ಹಳೇ ಸಲಹೆ ಓದಿ ಯಾರಾದರೂ ಅದನ್ನು ಆಫ್ ಮಾಡಿದ್ದರೆ ನಾರ್ಮಲ್‌ಗೆ ತನ್ನಿ. ಆಮೇಲೆ ಬೇರೇನೂ ಮುಟ್ಟದೆ ಐಪರ್ಫ್ ಮತ್ತೊಮ್ಮೆ ಓಡಿಸಿ, ಮೊದಲು ಬರೆದಿಟ್ಟ ಅಂಕಿಯ ಪಕ್ಕದಲ್ಲೇ ಬರೆಯಿರಿ.