ನೀರು ನಿಲ್ಲುವ ತೋಟದಲ್ಲಿ ಕಾಳುಮೆಣಸು: ಹಿಪ್ಪಲಿ ಕಸಿಯಲ್ಲಿ ನನ್ನ ಅನುಭವ

ನಮ್ಮ ಶಿರಸಿ–ಸಿದ್ದಾಪುರದ ಕಡೆ ಅಡಿಕೆ ತೋಟ ಇರುವುದೇ ಗುಡ್ಡಗಳ ನಡುವಿನ ತಗ್ಗಿನಲ್ಲಿ. ಮೇಲೆ ಸೊಪ್ಪಿನ ಬೆಟ್ಟ, ಕೆಳಗೆ ತೋಟ, ತೋಟದ ಅಂಚಿಗೆ ಹಳ್ಳ. ಕಾದಿಗೆ (ನೀರು ಬಸಿಯುವ ಕಾಲುವೆ) ಎಷ್ಟು ಆಳ ತೆಗೆದರೂ ಹಳ್ಳದ ಬದಿಯ ಸಾಲುಗಳಲ್ಲಿ ಮಳೆಗಾಲವಿಡೀ ನೀರು ಜಿನುಗುತ್ತದೆ. ಅಲ್ಲಿ ಮೆಣಸು ಬರಲ್ಲ ಅಂತ ಊರಿನವರೆಲ್ಲ ಕೈಬಿಟ್ಟಿದ್ದರು. ಈಗ ನನ್ನ ತೋಟದ ಒಳ್ಳೆಯ ಬಳ್ಳಿಗಳು ಇರುವುದು ಅದೇ ಸಾಲುಗಳಲ್ಲಿ.

ಮೊದಲು ಹಾಕಿದ್ದು ಪಣಿಯೂರು–1 ಅನ್ನುವ ಮೆಣಸಿನ ತಳಿ. ಮೂರನೇ ವರ್ಷ ಕಾಳು ಬಂತು, ಮುಂದಿನ ಮಳೆಗಾಲಕ್ಕೆ ಬೇರು, ಬುಡ ಕೊಳೆಸುವ ಸೊರಗು ರೋಗ ಹತ್ತಿತು. ಆಗಸ್ಟ್ ಹೊತ್ತಿಗೆ ಬಳ್ಳಿ ಗೆಣ್ಣು ಗೆಣ್ಣಾಗಿ ಕಳಚಿ ಬಿತ್ತು. ಆಮೇಲೆ ಕರಿಮುಂಡ, ಅದಾದ ಮೇಲೆ ನಮ್ಮದೇ ಮಲ್ಲಿಗೆಸರ. ಮಲ್ಲಿಗೆಸರ ಒಂದು ವರ್ಷ ಜಾಸ್ತಿ ತಾಳಿತು, ಅಷ್ಟೇ. ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದೆ, ಬುಡಕ್ಕೂ ಸುರಿದೆ. ಕೊಟ್ಟಿಗೆ ಗೊಬ್ಬರದಲ್ಲಿ ರೋಗ ತಡೆಯುವ ಟ್ರೈಕೋಡರ್ಮಾ ಶಿಲೀಂಧ್ರ ಬೆಳೆಸಿ ಹಾಕಿದೆ. ಮೇಲಿನ ಸಾಲುಗಳಿಗೆ ಅದು ಸಾಕಾಯಿತು, ಕೆಳಗೆ ನಡೆಯಲಿಲ್ಲ. ಗಿಡ, ಮೈಲುತುತ್ತ, ಕೂಲಿ ಎಲ್ಲ ಸೇರಿ ಐದಾರು ವರ್ಷದಲ್ಲಿ ಒಂದೂವರೆ ಲಕ್ಷದ ಹತ್ತಿರ ಹೋಯಿತು.

ಹಿಪ್ಪಲಿ ಕಸಿ ಮಾಡ್ತೇನೆ, ಅಂದರೆ ಮೆಣಸಿನ ಕುಲದ್ದೇ ಆದ ಹಿಪ್ಪಲಿ ಗಿಡದ ಕಾಂಡಕ್ಕೆ ಮೆಣಸಿನ ಕುಡಿ ಕಟ್ಟುತ್ತೇನೆ ಅಂದಾಗ ಎಲ್ಲರೂ ಬೇಡ ಅಂದರು. ಬ್ರೆಜಿಲ್ ಕಡೆಯ ಈ ಹಿಪ್ಪಲಿಯ ಬೇರಿಗೆ ಸೊರಗು ರೋಗ ಹತ್ತಲ್ಲ, ನೀರು ನಿಂತರೂ ಕೊಳೆಯಲ್ಲ, ಇದು ಎಲ್ಲರಿಗೂ ಗೊತ್ತು. ಅವರ ಆಕ್ಷೇಪ ಬೇರೆ. ಬೇಸಿಗೆಯಲ್ಲಿ ನೀರಿಲ್ಲದೆ ಒಣಗುತ್ತದೆ, ಎಂಟು ಹತ್ತು ವರ್ಷಕ್ಕೆ ಕಸಿಗಂಟು ಕೈಕೊಡುತ್ತದೆ. ಎರಡೂ ನಿಜವೇ. ಆದರೆ ಹಳ್ಳದ ಬದಿಯಲ್ಲಿ ಏಪ್ರಿಲ್‌ನಲ್ಲೂ ತೇವ ಇರುತ್ತದೆ, ಅಲ್ವಾ? ಸಾಮಾನ್ಯ ಮೆಣಸನ್ನು ಕೊಂದ ನೀರೇ ಹಿಪ್ಪಲಿಗೆ ಬೇಕಾಗಿದ್ದು.

ಒಂದು ನರ್ಸರಿಯಿಂದ ತಂದ ಕಸಿಗಿಡಗಳು ಸುಮಾರು ಅರ್ಧದಷ್ಟು ಸತ್ತವು. ಗೇಣುದ್ದದಲ್ಲೇ ಕಸಿ ಕಟ್ಟಿದ್ದರು. ಮಣ್ಣು ಏರಿಸಿದ ಮೇಲೆ ಮೆಣಸು ತನ್ನದೇ ಬೇರನ್ನು ನೆಲಕ್ಕೆ ಇಳಿಸಿತ್ತು, ರೋಗ ಅಲ್ಲಿಂದಲೇ ಹತ್ತಿತು. ಗಿಡಕ್ಕೆ 70 ರೂಪಾಯಿ ಕೊಟ್ಟಿದ್ದ ನೆನಪು. ಅಲ್ಲಿಂದ ಮುಂದೆ ಹಿಪ್ಪಲಿಯನ್ನೇ ಮೊದಲು ತೋಟದಲ್ಲಿ ನೆಟ್ಟು, ಅದು ಬಲಿತ ಮೇಲೆ ಒಂದೂವರೆ ಅಡಿ ಎತ್ತರದಲ್ಲಿ ಕಸಿ ಕಟ್ಟತೊಡಗಿದೆ. ಒಂದೇ ಬುಡದ ಎರಡು ಮೂರು ಕಾಂಡಕ್ಕೆ ಬೇರೆ ಬೇರೆ ಕಸಿ. ಒಂದು ಗಂಟು ಹೋದರೆ ಇನ್ನೊಂದು ಇರುತ್ತದೆ, ಹೋದ ಜಾಗದ ಹಿಪ್ಪಲಿ ಚಿಗುರಿಗೆ ಮತ್ತೆ ಕಟ್ಟಬಹುದು. ಉಳಿದ ಚಿಗುರನ್ನು ಮಾತ್ರ ಬಿಡದೆ ಚಿವುಟಬೇಕು, ಇಲ್ಲದಿದ್ದರೆ ಹಿಪ್ಪಲಿಯೇ ಮರ ತುಂಬುತ್ತದೆ. ಕುಡಿಯನ್ನು ಯಾವ ಬಳ್ಳಿಯಿಂದ, ಯಾವಾಗ ತೆಗೆಯುತ್ತೇನೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ತೋಟಕ್ಕೆ ಬಂದವರಿಗೆ ತೋರಿಸುತ್ತೇನೆ. ಹತ್ತರಲ್ಲಿ ಎಂಟು ಹಿಡಿಯುತ್ತವೆ. ಸುತ್ತಲಿನ ತೋಟಗಳಲ್ಲಿ ಇಷ್ಟು ಹಿಡಿದದ್ದನ್ನು ನಾನು ನೋಡಿಲ್ಲ.

ಹಳೆಯ ಗಿಡಗಳಿಗೆ ಈಗ ಹತ್ತು ವರ್ಷ ದಾಟಿದೆ. ನಡುವೆ ಕಾಲುಭಾಗಕ್ಕೆ ಮರುಕಸಿ ಆಗಿದೆ. ಬಳ್ಳಿಗೆ ಒಂದೂವರೆ ಕಿಲೋ ಒಣಮೆಣಸು ಸರಾಸರಿ, ಕೆಲವು ಎರಡೂವರೆ ಕೊಡುತ್ತವೆ. ಮುನ್ನೂರು ಚಿಲ್ಲರೆ ಬಳ್ಳಿಯಿಂದ ನಾಲ್ಕೂವರೆ ಕ್ವಿಂಟಲ್ ಆಸುಪಾಸು. 2016ರ ಸುಮಾರಿಗೆ ಕಿಲೋಗೆ 600 ದಾಟಿದ್ದ ದರ ಮೂರ್ನಾಲ್ಕು ವರ್ಷದಲ್ಲಿ ಅರ್ಧಕ್ಕೆ ಇಳಿದಿತ್ತು. ಆಗಲೂ ಖರ್ಚು ಕಳೆದು ಎಂಬತ್ತು ಸಾವಿರ ಉಳಿದಿತ್ತು. ಕೊಳೆರೋಗ, ಎಲೆಚುಕ್ಕಿ ರೋಗ ಸೇರಿ ಅಡಿಕೆ ಹಾಳು ಮಾಡಿದ ವರ್ಷ ಮನೆ ನಡೆದದ್ದು ಈ ದುಡ್ಡಿನಲ್ಲೇ.

ಇದರ ಜೊತೆ ಬಿಳಿಮೆಣಸೂ ಮಾಡಿ ನೋಡಿದೆ. ಕೆಂಪಾದ ಹಣ್ಣನ್ನು ಗೋಣಿಚೀಲದಲ್ಲಿ ಕಟ್ಟಿ ಹರಿಯುವ ಹಳ್ಳದಲ್ಲಿ ವಾರವಿಡೀ ಇಟ್ಟು ಸಿಪ್ಪೆ ಉಜ್ಜಿ ತೆಗೆಯುವುದು. ನಿಂತ ನೀರಿನಲ್ಲಿ ಇಟ್ಟರೆ ವಾಸನೆ ಹಿಡಿಯುತ್ತದೆ. ನೂರು ಕಿಲೋ ಹಣ್ಣಿಗೆ ಇಪ್ಪತ್ತೈದು ಕಿಲೋ ಸಿಕ್ಕಿತು. ಕರಿಮೆಣಸಾದರೆ ಮೂವತ್ತಕ್ಕಿಂತ ಮೇಲೆ ಬರುತ್ತದೆ. ದರ ಒಂದೂವರೆ ಪಟ್ಟು ಸಿಕ್ಕಿದ್ದರಿಂದ ಲೆಕ್ಕ ಸರಿಹೋಯಿತು. ಆದರೆ ಹಣ್ಣಾಗುವ ತನಕ ಹಕ್ಕಿಗಳಿಂದ ಉಳಿಸುವುದೇ ಕಷ್ಟ.

ಮೇಲಿನ ಒಣ ಸಾಲುಗಳಿಗೆ ಹಿಪ್ಪಲಿ ಹಾಕಬೇಡಿ. ಅಲ್ಲಿಗೆ ಮಲ್ಲಿಗೆಸರವೇ ಸಾಕು. ಹಳ್ಳದ ಬದಿ ಖಾಲಿ ಬಿಟ್ಟವರು ಮಾತ್ರ ಈ ಜೂನ್‌ನಲ್ಲೇ ಹತ್ತು ಹಿಪ್ಪಲಿ ನೆಟ್ಟು ನೋಡಿ, ಕಡ್ಡಿ ನಾನು ಕೊಡುತ್ತೇನೆ.