ಹಾಲ್ಬ್ ಡ್ರೈ ಅಂದರೆ ಮೂರೂವರೆ ಅಲ್ಲ: ಜರ್ಮನಿಗೆ ಹೊಸದಾಗಿ ಬಂದವರಿಗೆ

ಮಗಳಿಗೆ ಆಗ ಮೂರು ವರ್ಷ. ಮಕ್ಕಳ ಡಾಕ್ಟರ ಕ್ಲಿನಿಕ್‌ನಿಂದ ಫೋನ್ ಮಾಡಿ 'ಹಾಲ್ಬ್ ಡ್ರೈ'ಗೆ ಬನ್ನಿ ಅಂದರು. ಹಾಲ್ಬ್ ಅಂದರೆ ಅರ್ಧ, ಡ್ರೈ ಅಂದರೆ ಮೂರು, ಅಷ್ಟು ನನಗೆ ಗೊತ್ತಿತ್ತು. ಮೂರೂವರೆಗೆ ಐದು ನಿಮಿಷ ಮುಂಚೆಯೇ ಜಂಬದಿಂದ ಹೋಗಿ ನಿಂತೆ. ಅಲ್ಲಿದ್ದಾಕೆ ಗಡಿಯಾರ ನೋಡಿದರು, ನನ್ನ ಮುಖ ನೋಡಿದರು. ಹಾಲ್ಬ್ ಡ್ರೈ ಅಂದರೆ ಮೂರಕ್ಕೆ ಇನ್ನೂ ಅರ್ಧ ಗಂಟೆ, ಅಂದರೆ ಎರಡೂವರೆ! ಮತ್ತೆ ಮೂರು ವಾರ ಕಾದೆವು.

ನಾವು ಸ್ಟುಟ್‌ಗಾರ್ಟ್ ಪಕ್ಕದ ಸಣ್ಣ ಊರಿಗೆ ಬಂದು ಹತ್ತು ವರ್ಷ ದಾಟಿತು. ನಮ್ಮ ಯಜಮಾನರದು ಬ್ಲೂ ಕಾರ್ಡ್, ಅಂದರೆ ಓದಿ ಕೆಲಸಕ್ಕೆ ಬರುವವರಿಗೆ ಕೊಡುವ ವಾಸದ ಪರವಾನಗಿ. ಬ್ಲೂ ಕಾರ್ಡ್‌ನವರ ಗಂಡ ಅಥವಾ ಹೆಂಡತಿ ಬರುವ ಮುಂಚೆ ಎ1, ಅಂದರೆ ಜರ್ಮನ್ ಭಾಷೆಯ ಮೊದಲ ಹಂತದ ಪರೀಕ್ಷೆ, ಬರೆಯಬೇಕಾಗಿಲ್ಲ. ಅನುಕೂಲ ಅಂದುಕೊಂಡು ಜರ್ಮನ್ ಕಲಿಸುವ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದ ಮುಂದೆಯೇ ಓಡಾಡುತ್ತಿದ್ದರೂ ನಾನು ಒಳಗೆ ಹೋಗಲಿಲ್ಲ. ಇಲ್ಲಿ ಬಂದ ಮೇಲೆ ಗೊತ್ತಾಯಿತು. ಅವರ ಆಫೀಸು ಪೂರ್ತಿ ಇಂಗ್ಲಿಷ್. ಕಿಟಾ ಅನ್ನುವ ಶಿಶುವಿಹಾರ, ಅಂಗಡಿ, ಪಕ್ಕದ ಮನೆ, ಟಪಾಲಿನಲ್ಲಿ ಬರುವ ಉದ್ದುದ್ದ ಪತ್ರ, ಎಲ್ಲ ಜರ್ಮನ್, ಎಲ್ಲ ನನ್ನ ಪಾಲಿಗೆ. ಸಾಧ್ಯವಿದ್ದರೆ ಎ1 ಊರಲ್ಲೇ ಮುಗಿಸಿ ಬನ್ನಿ.

ಮನೆ ಸಿಕ್ಕ ಎರಡು ವಾರದೊಳಗೆ ವಿಳಾಸ ನೋಂದಣಿ, ಅಂದರೆ ಆನ್‌ಮೆಲ್ಡುಂಗ್, ಮಾಡಿಸಿ. ಅದು ಮುಗಿದ ವಾರವೇ ಫೋಲ್ಕ್ಸ್‌ಹೋಖ್‌ಶೂಲೆಯಲ್ಲಿ ಕ್ಲಾಸಿಗೆ ಸೇರಿಬಿಡಿ. ಊರೂರಿಗೂ ಇರುವ ಸಾರ್ವಜನಿಕ ಕಲಿಕಾ ಕೇಂದ್ರ ಅದು, ಸಂಜೆ ಕ್ಲಾಸೂ ಇರುತ್ತದೆ. ಇಂಟಿಗ್ರೇಷನ್ ಕೋರ್ಸ್ ಸಿಕ್ಕರೆ ಸಾಮಾನ್ಯವಾಗಿ ಭಾಷೆಗೆ 600 ಪಾಠ, ಇಲ್ಲಿನ ಕಾನೂನು, ಇತಿಹಾಸಕ್ಕೆ 100, ಒಂದೊಂದೂ 45 ನಿಮಿಷ. ಯಜಮಾನರಿಗೆ 'ನಿಮಗೂ ಬೇಕು' ಅನ್ನಿ. ಬ್ಲೂ ಕಾರ್ಡ್‌ನವರಿಗೆ ಎ1 ಇದ್ದರೆ 27 ತಿಂಗಳಿಗೆ, ಅದಕ್ಕಿಂತ ಎರಡು ಹಂತ ಮೇಲಿನ ಬಿ1 ಇದ್ದರೆ 21 ತಿಂಗಳಿಗೇ ಕಾಯಂ ವಾಸದ ಪರವಾನಗಿ ಕೇಳಬಹುದು. ಬೇಗ ಸಿಗುವ ಲೆಕ್ಕ ಹೇಳಿದ ಮೇಲೆ ನಮ್ಮವರೂ ಪುಸ್ತಕ ತೆಗೆದರು.

ಈಗ ನನಗೆ ಯಾರೂ ಹೇಳದೇ ಹೋದ ಮಾತು. ಜರ್ಮನ್ ಅನ್ನು ಇಂಗ್ಲಿಷ್‌ನಿಂದ ಕಲಿಯಬೇಡಿ, ಕನ್ನಡದಿಂದ ಕಲಿಯಿರಿ. 'ಯಾಕೆಂದರೆ' ಅಂತ ಶುರುವಾಗುವ ವಾಕ್ಯ ನೋಡಿ: 'ವೈಲ್ ಇಶ್ ಹಾಯ್ಟ ನಿಶ್ಟ್ ಕೊಮ್ಮೆನ್ ಕಾನ್', ಅಂದರೆ 'ಯಾಕೆಂದರೆ ನನಗೆ ಇವತ್ತು ಬರಲು ಆಗುವುದಿಲ್ಲ'. ಕೊಮ್ಮೆನ್ ಅಂದರೆ ಬರಲು, ಕಾನ್ ಅಂದರೆ ಆಗುತ್ತದೆ. 'ಬರಲು ಆಗುತ್ತದೆ', ಅದೇ ಸಾಲು, ಅದೂ ಕೊನೆಯಲ್ಲಿ! ಇಂಗ್ಲಿಷ್ ತಲೆಯಲ್ಲಿಟ್ಟುಕೊಂಡು ನಾನು ಆರು ತಿಂಗಳು ಒದ್ದಾಡಿದ್ದೆ. 'ಡು' ಮತ್ತು 'ಜೀ' ನಮ್ಮ ನೀನು, ನೀವು ಅಷ್ಟೇ. ಗುರುತಿಲ್ಲದವರನ್ನು ಏಕವಚನದಲ್ಲಿ ಮಾತಾಡಿಸಬಾರದು ಅಂತ ನಮಗೆ ಹೇಳಿಕೊಡಬೇಕಾ? ಹುಡುಗಿ ಅನ್ನುವ ಪದ ಇಲ್ಲಿ ನಪುಂಸಕ ಲಿಂಗ. ಕ್ಲಾಸಿನಲ್ಲಿ ಉಳಿದವರು ನಕ್ಕರು, ನಾನು ನಗಲಿಲ್ಲ. ನಮ್ಮ ಕಡೆಯೂ ಮನೆ ಹುಡುಗಿಯನ್ನು 'ಅದು ಶಾಲೆಗೆ ಹೋಯ್ತು' ಅನ್ನುತ್ತೇವಲ್ಲ. ಆದರೆ ಚಮಚ ಗಂಡು, ಫೋರ್ಕ್ ಹೆಣ್ಣು, ಚಾಕು ನಪುಂಸಕ ಅನ್ನುವುದಕ್ಕೆ ಮಾತ್ರ ಕನ್ನಡದಲ್ಲಿ ಮದ್ದಿಲ್ಲ, ಬಾಯಿಪಾಠವೇ ಗತಿ.

ಅಂಕಿಗಳಲ್ಲಿ ಹುಷಾರು. 54ಕ್ಕೆ 'ನಾಲ್ಕು ಮತ್ತು ಐವತ್ತು' ಅನ್ನುತ್ತಾರೆ. ಫೋನ್ ನಂಬರ್ ಬರೆಯುವಾಗ 'ಐನ್‌ಟ್ಸೆಲ್ನ್, ಬಿಟ್ಟೆ' ಅನ್ನಿ, ಒಂದೊಂದೇ ಅಂಕಿ ಹೇಳುತ್ತಾರೆ.

ಬಿ1 ಪಾಸಾದ ಮೇಲೂ ಪಕ್ಕದ ಮನೆ ಅಜ್ಜಿ ಮಾತು ಅರ್ಥವಾಗದಿದ್ದರೆ ಅಳಬೇಡಿ, ಅದು ಶ್ವೇಬಿಷ್, ಈ ಕಡೆಯ ಆಡುಮಾತು. ಮೈಸೂರಿನವರು ಮೊದಲ ಸಲ ಹುಬ್ಬಳ್ಳಿ ಬಸ್ ಹತ್ತಿದ ಹಾಗೆ. ಅದೇ ಅಜ್ಜಿ ಬಾಗಿಲಿಗೆ 'ಕೇರ್‌ವೊಖೆ' ಅನ್ನುವ ಬೋರ್ಡ್ ನೇತುಹಾಕಿದರೆ, ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ನಿಮ್ಮದು. ನಾನು ಅದನ್ನು ಹಬ್ಬದ ಶುಭಾಶಯ ಅಂದುಕೊಂಡಿದ್ದೆ. ಭಾನುವಾರ ಬೆಳಿಗ್ಗೆ ಮಿಕ್ಸಿ ಹಾಕಬೇಡಿ, ದೋಸೆ ಹಿಟ್ಟು ಶನಿವಾರವೇ ರುಬ್ಬಿಡಿ.

ಮಕ್ಕಳ ಬಗ್ಗೆ ಒಂದು ಮಾತು. ಕಿಟಾಗೆ ಹೋದ ಮಗು ನಮಗಿಂತ ಬೇಗ ಮಾತಾಡುತ್ತದೆ. ಆಮೇಲೆ ನಾವು ಅದನ್ನೇ ಮುಂದೆ ಬಿಡುತ್ತೇವೆ. ಏಳು ವರ್ಷದ ಮಗಳನ್ನು ನಾನು ನನ್ನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ನನ್ನ ಹೊಟ್ಟೆನೋವಿನ ವಿಷಯ ಅವಳ ಬಾಯಲ್ಲಿ ಹೇಳಿಸಿದೆ. ವಾಪಸ್ ಬರುವಾಗ ಟ್ರಾಮ್‌ನಲ್ಲಿ ಅವಳು 'ಅಮ್ಮ, ನಿಂಗೆ ಏನಾಗುತ್ತೆ?' ಅಂತ ಕೇಳಿದಳು. ಅವತ್ತಿನಿಂದ ನನ್ನ ಡಾಕ್ಟರಿಗೆ ನಾನೇ ಚೀಟಿ ಬರೆದುಕೊಂಡು ಹೋಗುತ್ತೇನೆ. ಮನೆಯಲ್ಲಿ ಕನ್ನಡ ಬಿಡಬೇಡಿ. ಕಿಟಾ ಟೀಚರೇ ನನಗೆ ಹಾಗೆ ಹೇಳಿದ್ದರು, ನಿಮ್ಮ ತಪ್ಪು ಜರ್ಮನ್ ಮಗುವಿಗೆ ಬೇಡ, ನಿಮ್ಮ ಭಾಷೆಯಲ್ಲೇ ಕಥೆ ಹೇಳಿ ಅಂತ. 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಕಿಟೆಲ್ ಕೊನೆಗಾಲ ಕಳೆದ ಟ್ಯೂಬಿಂಗೆನ್ ಇಲ್ಲೇ ಹತ್ತಿರ. ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ 'ಜರ್ಮನ್ ತಾತ ಕನ್ನಡ ಕಲಿತ್ರಾ?' ಅಂತ ಬಾಯಿ ಬಿಟ್ಟಳು.

ಇನ್ನೊಂದು. ನೀವು ತಡವರಿಸಿದ ತಕ್ಷಣ ಎದುರಿನವರು ಇಂಗ್ಲಿಷ್‌ಗೆ ಹೊರಳುತ್ತಾರೆ, ಒಳ್ಳೆ ಮನಸ್ಸಿನಿಂದಲೇ. 'ಆಉಫ್ ಡಾಯ್ಚ್, ಬಿಟ್ಟೆ' ಅನ್ನಿ, ಜರ್ಮನ್‌ನಲ್ಲೇ ಹೇಳಿ ಅಂತ ಅರ್ಥ. ಬೇಕರಿ ಸಾಲಿನಲ್ಲಿ ಹಿಂದಿನವರು ಗೊಣಗಿದರೆ ಗೊಣಗಲಿ. ಬ್ರೆಟ್ಸೆಲ್ ತಗೊಂಡೇ ಬನ್ನಿ.