ನೀಟ್‌ಗೆ ಇನ್ನೊಂದು ವರ್ಷ ಕೂರೋದಾ, ಬೇಡ್ವಾ? ಮೊದಲು ಓಎಂಆರ್ ಶೀಟ್ ತೆಗೀರಿ

"ಸರ್, ಮಗಳನ್ನ ಒಂದ್ವರ್ಷ ಲಾಂಗ್ ಟರ್ಮ್ ಕೋಚಿಂಗಿಗೆ ಹಾಕೋದಾ, ಇಲ್ಲ ಸಿಕ್ಕಿದ್ದಕ್ಕೆ ಸೇರಿಸಿಬಿಡೋದಾ?"

ಜೂನ್‌ನಲ್ಲಿ ನೀಟ್ (ಮೆಡಿಕಲ್ ಸೀಟಿನ ಪ್ರವೇಶ ಪರೀಕ್ಷೆ) ರಿಸಲ್ಟ್ ಬಂದ ಮಾರನೇ ದಿನದಿಂದ ಈ ಫೋನು ಶುರು. ಕುಮಟೆಯಲ್ಲಿ ಪಿಯು ಮಕ್ಕಳಿಗೆ ಬಯಾಲಜಿ ಹೇಳಿಕೊಡೋನು ನಾನು, ಹಾಗಾಗಿ ಹೊನ್ನಾವರದಿಂದ ಹಿಡಿದು ಘಟ್ಟದ ಮೇಲಿನ ಸಿದ್ದಾಪುರದವರೆಗೆ ಯಾರ್ಯಾರೋ ಪರಿಚಯ ಹಿಡ್ಕೊಂಡು ಕೇಳ್ತಾರೆ, ಹೌದು ಅಥವಾ ಬೇಡ ಅಂತ ಒಂದೇ ಮಾತಲ್ಲಿ ಹೇಳಿ ಅಂತಾರೆ. ನಾನು ವಾಪಸ್ ಕೇಳೋದು ಒಂದೇ, ಮಾರ್ಕ್ಸ್ ಹೋಗಿದ್ದು ಎಲ್ಲಿ? ಯಾಕಂದ್ರೆ ಒಂದು ವರ್ಷ ಮನೇಲಿ ಕೂತ್ರೆ ಸಿಗೋದು ಟೈಮ್ ಮಾತ್ರ. ಟೈಮ್ ಸಾಲದೇ ಹೋದ ಮಾರ್ಕ್ಸ್ ಆದ್ರೆ ವಾಪಸ್ ಬರುತ್ತೆ, ಬೇರೆ ಕಾರಣಕ್ಕೆ ಹೋಗಿದ್ರೆ ಮುಂದಿನ ಮೇ ತಿಂಗಳಲ್ಲೂ ಅದೇ ನಂಬರ್ ಬರುತ್ತೆ, ಜೊತೆಗೆ ಒಂದು ವರ್ಷ ಜಾಸ್ತಿ ವಯಸ್ಸು.

ಮೊದಲ್ನೇದು: ಹತ್ತು ದಿನ ಸುಮ್ನಿರಿ, ಆಮೇಲೆ ಲೆಕ್ಕಕ್ಕೆ ಕೂರಿ

ರಿಸಲ್ಟ್ ದಿನವೇ ಕೋಚಿಂಗ್‌ನವರ ಫೋನು ಬರುತ್ತೆ, ಇವತ್ತೇ ಅಡ್ಮಿಷನ್ ಆದ್ರೆ ಇಷ್ಟು ಡಿಸ್ಕೌಂಟ್ ಅಂತ. ಆ ಡಿಸ್ಕೌಂಟ್ ಮುಂದಿನ ವಾರವೂ ಇರುತ್ತೆ, ಹೆದರಬೇಡಿ. ಮನೇಲಿ ಅಳು, ಸಿಟ್ಟು ಎಲ್ಲ ಒಂದು ಹದಕ್ಕೆ ಬರಲಿ.

ನೀಟ್ ನಡೆಸೋ ಎನ್‌ಟಿಎ ರಿಸಲ್ಟ್‌ಗೆ ಮುಂಚೆ ಓಎಂಆರ್ ಶೀಟಿನ (ಗೋಲ ತುಂಬಿ ಉತ್ತರ ಕೊಟ್ಟ ಹಾಳೆ) ಸ್ಕ್ಯಾನು, ಆನ್ಸರ್ ಕೀ ಬಿಡುತ್ತೆ, ಅದನ್ನ ಆಗಲೇ ಡೌನ್‌ಲೋಡ್ ಮಾಡಿ ಇಟ್ಕೊಂಡಿರಬೇಕು. ಈಗ ಒಂದು ನೋಟ್‌ಬುಕ್ ತಗೊಂಡು 180 ಪ್ರಶ್ನೇನೂ ಒಂದೊಂದಾಗಿ ನೋಡಿ (ಫಿಸಿಕ್ಸ್ 45, ಕೆಮಿಸ್ಟ್ರಿ 45, ಬಯಾಲಜಿ 90), ಸರಿ ಇದ್ರೆ 4, ತಪ್ಪಿದ್ರೆ ಒಂದು ಕಟ್. ತಪ್ಪು ಮತ್ತು ಬಿಟ್ಟಿದ್ದನ್ನ ಮೂರು ಗುಡ್ಡೆ ಮಾಡಿ: ಓದೇ ಇರ್ಲಿಲ್ಲ, ಗೊತ್ತಿದ್ದೂ ತಪ್ಪಾಯ್ತು, ಸುಮ್ನೆ ಅಂದಾಜಿಗೆ ಗೋಲ ತುಂಬಿದ್ದು. ಈ ಕೆಲಸ ಮಗು ಒಂದೇ ಕೂತು ಮಾಡಬೇಕು, ಅಪ್ಪ ಅಮ್ಮ ಪಕ್ಕದಲ್ಲಿ ಕೂತ್ರೆ ಎಲ್ಲಾನೂ "ಗೊತ್ತಿದ್ದೂ ತಪ್ಪಾಯ್ತು" ಗುಡ್ಡೆಗೇ ಹೋಗುತ್ತೆ, ಇದು ನಾನು ಕಣ್ಣಾರೆ ನೋಡಿದ್ದು.

ಒಬ್ಬಳು ಹುಡುಗಿ 412 ತಗೊಂಡಿದ್ಲು. 112 ಸರಿ, 36 ತಪ್ಪು, 32 ಬಿಟ್ಟಿದ್ಲು. ಆ 36ರಲ್ಲಿ 22 ಬರೀ ಅಂದಾಜು, ಅದನ್ನ ಮುಟ್ಟದೇ ಇದ್ದಿದ್ರೆ 22 ಮಾರ್ಕ್ಸ್ ಕೈಲೇ ಇರ್ತಿತ್ತು. ಉಳಿದ 14 ಗೊತ್ತಿದ್ದೇ ಎಡವಿದ್ದು, ಒಂದೊಂದಕ್ಕೂ 5ರಂತೆ 70. ಅಂದ್ರೆ ಹೊಸದಾಗಿ ಏನೂ ಓದದೇ 504. ಬಿಟ್ಟ 32ರಲ್ಲಿ ಹೆಚ್ಚಿನವು ಫಿಸಿಕ್ಸ್, ಪಿಯು ಪರೀಕ್ಷೆ ಗಡಿಬಿಡೀಲಿ ಆ ಪಾಠಗಳನ್ನ ಮುಗಿಸಿಯೇ ಇರ್ಲಿಲ್ಲ, ಅದರಲ್ಲಿ ಅರ್ಧ ಬಂದ್ರೂ ಇನ್ನೊಂದು 64. ಅವಳಿಗೆ ಕೂರು ಅಂದೆ. ಈಗ ಕಾರವಾರದಲ್ಲೇ ಎಂಬಿಬಿಎಸ್ ಎರಡ್ನೇ ವರ್ಷ.

ಅದೇ ವರ್ಷ ಇನ್ನೊಬ್ಬ ಹುಡುಗ 290. ಅವನು 180ಕ್ಕೆ 180 ಗೋಲ ತುಂಬಿದ್ದ, 94 ಸರಿ, 86 ತಪ್ಪು. ಮೂರು ಗುಡ್ಡೆ ಮಾಡೋಕೆ ಹೋದ್ರೆ ಅವನಿಗೇ ಯಾವುದು ಗೊತ್ತಿತ್ತು ಯಾವುದು ಅಂದಾಜು ಅಂತ ಹೇಳೋಕಾಗ್ಲಿಲ್ಲ. ಇದು ಟೈಮ್ ಸಾಲದ ಕೇಸಲ್ಲ, ಫಸ್ಟ್ ಪಿಯು ಪಾಠದಿಂದಲೇ ಬುಡ ಅಲುಗಾಡ್ತಾ ಇತ್ತು. "ಮೆಡಿಕಲ್ ಯಾಕೆ ಬೇಕು?" ಅಂದ್ರೆ ಅಪ್ಪನ ಮುಖ ನೋಡ್ದ. ಅವನ ವಿಷಯ ಕೆಳಗೆ ಹೇಳ್ತೇನೆ.

ಎರಡ್ನೇದು: ಮಾರ್ಕ್ಸ್ ಬಿಟ್ಟು ರ‍್ಯಾಂಕ್ ನೋಡಿ

"ಹೋದ ವರ್ಷ ಇಷ್ಟಕ್ಕೆ ಸೀಟ್ ಸಿಕ್ಕಿತ್ತಂತೆ" ಅನ್ನೋ ಮಾತನ್ನ ನಂಬಿಕೊಂಡು ತೀರ್ಮಾನ ಮಾಡಬೇಡಿ. 2024ರಲ್ಲಿ ಪರಿಷ್ಕೃತ ಫಲಿತಾಂಶದ ನಂತರವೂ 17 ಜನಕ್ಕೆ 720ಕ್ಕೆ 720 ಇತ್ತು, 2025ರಲ್ಲಿ ಇಡೀ ದೇಶಕ್ಕೆ ಫಸ್ಟ್ ಬಂದವರದ್ದೇ 686. ಜನರಲ್‌ಗೆ ಕ್ವಾಲಿಫೈಯಿಂಗ್ ಮಾರ್ಕ್ಸ್ 162 ಇದ್ದದ್ದು 144ಕ್ಕೆ ಇಳೀತು. ಪೇಪರ್ ಕಷ್ಟ ಬಂದ್ರೆ ಎಲ್ಲರದ್ದೂ ಇಳಿಯುತ್ತೆ, ರ‍್ಯಾಂಕ್ ಮಾತ್ರ ಸುಳ್ಳು ಹೇಳಲ್ಲ. ಮತ್ತೆ ಕ್ವಾಲಿಫೈ ಆದೆ ಅಂತ ಪೇಡೆ ಹಂಚೋದು ಬೇಡ, 2025ರಲ್ಲಿ ಸುಮಾರು 22 ಲಕ್ಷ ಜನ ಬರೆದು 12 ಲಕ್ಷಕ್ಕೂ ಹೆಚ್ಚು ಜನ ಕ್ವಾಲಿಫೈ ಆಗಿದ್ರು, ದೇಶದಲ್ಲಿ ಇರೋ ಎಂಬಿಬಿಎಸ್ ಸೀಟು ಒಂದು ಲಕ್ಷ ಚಿಲ್ಲರೆ.

ರಾಜ್ಯದ ಸೀಟು ಹಂಚೋ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ವೆಬ್‌ಸೈಟಲ್ಲಿ ಹಿಂದಿನ ವರ್ಷಗಳ ಕಟ್ಆಫ್ ಪಟ್ಟಿ ಇರುತ್ತೆ, ಕಾಲೇಜುವಾರು, ಕೆಟಗರಿವಾರು, ರೌಂಡ್‌ವಾರು. ಅದರಲ್ಲಿ ಕಾರವಾರದ ಕ್ರಿಮ್ಸ್ (ಸರ್ಕಾರಿ ಮೆಡಿಕಲ್ ಕಾಲೇಜು, 2016ರಲ್ಲಿ ಶುರುವಾದದ್ದು, 150 ಸೀಟು), ಹುಬ್ಬಳ್ಳಿಯದ್ದು, ಶಿವಮೊಗ್ಗದ್ದು ಮೂರನ್ನ ನೋಡಿ. ಸರ್ಕಾರಿ ಕಾಲೇಜಿನ 85 ಪರ್ಸೆಂಟ್ ಸೀಟು ನಮ್ಮ ರಾಜ್ಯದ ಲೆಕ್ಕಕ್ಕೆ, 15 ಪರ್ಸೆಂಟ್ ಆಲ್ ಇಂಡಿಯಾ ಲೆಕ್ಕಕ್ಕೆ, ಹಾಗಾಗಿ ಆಲ್ ಇಂಡಿಯಾ ಕಟ್ಆಫ್ ನೋಡಿ ಎದೆ ಒಡೆದುಕೊಳ್ಳೋದು ಬೇಡ.

ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಮರೆಯೋದು ಏನಂದ್ರೆ ಗ್ರಾಮೀಣ ಕೋಟಾ 15 ಪರ್ಸೆಂಟ್, ಕನ್ನಡ ಮಾಧ್ಯಮ 5 ಪರ್ಸೆಂಟ್ ಇದೆ, ಎರಡಕ್ಕೂ ಒಂದರಿಂದ ಹತ್ತನೇ ಕ್ಲಾಸ್‌ವರೆಗೆ ಪೂರ್ತಿ ಹಾಗೇ ಓದಿರಬೇಕು. ಹೆಗಡೆಕಟ್ಟೆ ಕಡೆ ಹಳ್ಳಿ ಶಾಲೇಲಿ ಕನ್ನಡದಲ್ಲಿ ಓದಿದ ಮಕ್ಕಳು ಬರೀ ಜಿಎಮ್ (ಜನರಲ್ ಮೆರಿಟ್) ಕಾಲಮ್ ನೋಡಿ "ನಮಗಾಗಲ್ಲ" ಅಂತ ಕೈಚೆಲ್ತಾರೆ, ಪಕ್ಕದ ಕಾಲಮ್ ನೋಡೋದೇ ಇಲ್ಲ. ನಿಮ್ಮ ಕಾಲಮ್‌ನ ಕೊನೇ ರ‍್ಯಾಂಕಿಗೂ ನಿಮ್ಮ ರ‍್ಯಾಂಕಿಗೂ ಎಷ್ಟು ದೂರ ಅಂತ ಬರೆದಿಟ್ಕೊಳ್ಳಿ, ಮೊದಲ ಹೆಜ್ಜೇಲಿ ಸಿಕ್ಕ "ವಾಪಸ್ ಬರೋ ಮಾರ್ಕ್ಸ್" ಆ ದೂರವನ್ನ ದಾಟಿಸುತ್ತಾ ಅನ್ನೋದೇ ಪ್ರಶ್ನೆ.

ಕಾರವಾರ, ಮಾಜಾಳಿ ಕಡೆಯವರಿಗೆ ಒಂದು ಸೂಚನೆ, ಗಡಿ ದಾಟಿ ಗೋವಾದಲ್ಲಿ ಓದಿದ ಮಕ್ಕಳು ಮೊದಲು ವರ್ಷ ಎಣಿಸಿ. ರಾಜ್ಯದ ಸೀಟಿಗೆ ಸಾಮಾನ್ಯವಾಗಿ ಹಿಡಿಯೋ ದಾರಿ ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿರೋದು, ಜೊತೆಗೆ ಹತ್ತನೇದೋ ಪಿಯುನೋ ಇಲ್ಲೇ ಪಾಸಾಗಿರೋದು. ಅದು ಕೂಡಿ ಬರದಿದ್ರೆ ವರ್ಷ ಕೂರೋ ಲೆಕ್ಕವೇ ಬೇರೆ ಆಗುತ್ತೆ.

ಮೂರ್ನೇದು: ದುಡ್ಡು

ಬೇಗ ಮುಗಿಸ್ತೇನೆ. ಮಂಗಳೂರು, ಮೂಡುಬಿದಿರೆ, ಧಾರವಾಡ ಎಲ್ಲೇ ಹೋದ್ರೂ ಲಾಂಗ್ ಟರ್ಮ್ ಪ್ಲಸ್ ಹಾಸ್ಟೆಲ್ ಅಂದ್ರೆ ಲಕ್ಷ ದಾಟುತ್ತೆ. ಸರ್ಕಾರಿ ಕಾಲೇಜಿನ ಸೀಟಿಗೆ ವರ್ಷದ ಫೀ ಒಂದು ಲಕ್ಷದ ಒಳಗೆ, ಪ್ರೈವೇಟ್ ಕಾಲೇಜಿನ ಪ್ರೈವೇಟ್ ಕೋಟಾಕ್ಕೆ ವರ್ಷಕ್ಕೆ ಹತ್ತು ಲಕ್ಷದ ಮೇಲೆ. ಹಾಗಾಗಿ ಈ ವರ್ಷ ತೋಟ ಅಡವಿಟ್ಟು ಪ್ರೈವೇಟ್ ಸೀಟು ತಗೊಳ್ಳೋದಾ, ಒಂದ್ವರ್ಷ ಕೂತು ಸರ್ಕಾರಿ ಸೀಟಿಗೆ ಟ್ರೈ ಮಾಡೋದಾ ಅನ್ನೋ ಮನೆಗೆ ಕೂರೋದು ಲಾಭವೇ, ಆದ್ರೆ ಮೇಲಿನ ಎರಡು ಲೆಕ್ಕ ಸರಿ ಬಂದಿದ್ರೆ ಮಾತ್ರ.

ನಾಲ್ಕನೇದು: ಕೂರೋದು ಎಲ್ಲಿ? ಮನೇಲಾ, ಹಾಸ್ಟೆಲಲ್ಲಾ?

ಇದನ್ನ ಯಾರೂ ಸರಿಯಾಗಿ ಯೋಚಿಸಲ್ಲ, ನನ್ನ ಪ್ರಕಾರ ಅರ್ಧ ವರ್ಷ ಹಾಳಾಗೋದು ಇಲ್ಲೇ.

ಒಂದು ವರ್ಷ ಅಂತೀವಿ, ನಿಜವಾಗಿ ಕೈಗೆ ಸಿಗೋದು ಎಂಟೂವರೆ ತಿಂಗಳು. ರಿಸಲ್ಟು, ಬೇಜಾರು, ಕೌನ್ಸೆಲಿಂಗ್ ನೋಡ್ತಾ ನೋಡ್ತಾ ಜುಲೈ ಅರ್ಧ ಹೋಗಿರುತ್ತೆ, ಪರೀಕ್ಷೆ ಮೇ ಮೊದಲ ವಾರದ ಹೊತ್ತಿಗೆ, ನಡುವೆ ಚೌತಿ, ದೀಪಾವಳಿ, ಒಂದೆರಡು ಜ್ವರ. ಮನೇಲಿ ಕೂತು ಆನ್‌ಲೈನ್ ಬ್ಯಾಚ್ ಅಂದ್ರೆ ಶುರುವಾಗೋದೇ ನಮ್ಮ ಆಷಾಢದ ಮಳೇಲಿ, ಯಲ್ಲಾಪುರ, ಜೋಯಿಡಾ, ಸಿದ್ದಾಪುರದ ಒಳಗಿನ ಊರುಗಳಲ್ಲಿ ಮರ ಬಿದ್ದು ಕರೆಂಟ್ ಹೋದ್ರೆ ಎರಡು ದಿನ, ಕರೆಂಟ್ ಹೋದ್ಮೇಲೆ ಟವರೂ ಹೋಗುತ್ತೆ, ಲೈವ್ ಕ್ಲಾಸ್ ಅಂತ ನಂಬಿ ಕೂತ ಮಾಣಿ (ಹುಡುಗ) ಗುಡ್ಡದ ತುದೀಲಿ ಕೊಡೆ ಹಿಡ್ಕೊಂಡು ಸಿಗ್ನಲ್ ಹುಡುಕ್ತಾ ಇರ್ತಾನೆ. ಅಂಥ ಮನೆಯವರು ಕಾಗದದ ಮೇಲಿರೋ ಸ್ಟಡಿ ಮೆಟೀರಿಯಲ್, ಡೌನ್‌ಲೋಡ್ ಮಾಡಿಟ್ಕೊಳ್ಳಬಹುದಾದ ವಿಡಿಯೋ ಇರೋದನ್ನೇ ತಗೊಳ್ಳಿ, ಇಲ್ಲಾಂದ್ರೆ ಮಳೆಗಾಲದ ನಾಲ್ಕು ತಿಂಗಳಾದ್ರೂ ಶಿರಸಿ ಪೇಟೇಲೋ ಕುಮಟೇಲೋ ನೆಂಟರ ಮನೇಲಿ ಒಂದು ಕೋಣೆ ನೋಡಿ.

ಮಳೆ ಮುಗೀತು ಅಂದ್ರೆ ಅಡಿಕೆ ಕೊಯ್ಲು. "ಮನೇಲೇ ಇದ್ದಾನಲ್ಲ, ಸ್ವಲ್ಪ ಹೊತ್ತು ಚಾಲಿ ಅಡಿಕೆ ಹರವಲಿ" ಅಂತ ಶುರುವಾಗಿ ಡಿಸೆಂಬರ್ ಪೂರ್ತಿ ಅಂಗಳದಲ್ಲೇ ಕಳೆಯುತ್ತೆ. ಹೆಣ್ಣುಮಕ್ಕಳಿಗಂತೂ ಕೇಳೋದೇ ಬೇಡ, ಆಯಿಗೆ (ಅಮ್ಮನಿಗೆ) ಹುಷಾರಿಲ್ಲ ಅಂದ್ರೆ ಅಡುಗೆಮನೆ, ಯಾರೋ ಬಂದ್ರು ಅಂದ್ರೆ ಆಸ್ರಿಗೆ (ಕುಡಿಯೋಕೆ ಕೊಡೋದು). ಇನ್ನು ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಅದೂ ಪರೀಕ್ಷೆಗೆ ಎರಡು ಮೂರು ತಿಂಗಳು ಇರೋವಾಗ್ಲೇ, ಮನೆ ತುಂಬ ನೆಂಟರು. ಜಾತ್ರೆ ವರ್ಷ ಕೂರೋದಾದ್ರೆ ಆ ದಿನಗಳಿಗೆ ಓದೋ ಜಾಗ ಈಗಲೇ ಗೊತ್ತು ಮಾಡಿಟ್ಕೊಳ್ಳಿ (ಒಂದು ಸಂಜೆ ದೇವಿ ದರ್ಶನ ಮಾಡಿ ಬಂದ್ರೆ ರ‍್ಯಾಂಕ್ ಏನೂ ಹೋಗಲ್ಲ).

ಹಾಸ್ಟೆಲ್ ಒಳ್ಳೇದಾ ಅಂದ್ರೆ ಎಲ್ಲರಿಗೂ ಅಲ್ಲ. ಓದೋ ಅಭ್ಯಾಸ ಇದ್ದು ಜಾಗ ಇಲ್ಲದವರಿಗೆ ಒಳ್ಳೇದು. ಮನೆ ಬಿಟ್ಟೇ ಇರದ ಮಗುವನ್ನ, ಅದೂ ಸೋತ ಬೇಜಾರಲ್ಲಿರುವಾಗ, ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಕೂರಿಸೋ ಜಾಗಕ್ಕೆ ಬಿಟ್ಟು ಬರೋ ಮುಂಚೆ ಎರಡು ದಿನ ಅಲ್ಲಿ ಹೋಗಿ ನೋಡಿ, ಸೀನಿಯರ್ ಮಕ್ಕಳ ಹತ್ರ ಊಟದ ಬಗ್ಗೆ ಅಲ್ಲ, ನಿದ್ದೆ ಬಗ್ಗೆ ಕೇಳಿ. ವರ್ಷದ ನಡುವೆ ಮಗು ಮಾತು ಬಿಟ್ಟರೆ, ಊಟ ಬಿಟ್ಟರೆ, ನಾಳೆ ನೋಡಣ ಅನ್ನಬೇಡಿ. ಟೆಲಿ ಮಾನಸ್ 14416 ಅಂತ ಸರ್ಕಾರದ ಸಹಾಯವಾಣಿ ಇದೆ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ.

ಐದನೇದು: ಕೈಲಿ ಒಂದು ಸೀಟು ಇಟ್ಕೊಳ್ಳೋದಾ?

ಬೇರೆ ಕೋರ್ಸಿಗೆ ಸೇರಿ ಒಳಗಿಂದಲೇ ನೀಟ್ ಬರಿಯೋದು ಅಂತ ಒಂದು ದಾರಿ ಇದೆ. ಬಿಡಿಎಸ್ಸೋ (ದಂತವೈದ್ಯ) ಬಿಎಎಮ್ಎಸ್ಸೋ (ಆಯುರ್ವೇದ) ಸೇರಿ ಹೀಗೆ ಮಾಡ್ತೇನೆ ಅಂದವರು ಎರಡೂ ಕಡೆ ಅರ್ಧಂಬರ್ಧ ಆಗಿದ್ದನ್ನೇ ನಾನು ಹೆಚ್ಚು ನೋಡಿದ್ದು, ಆ ಕೋರ್ಸ್‌ಗಳ ಫಸ್ಟ್ ಇಯರ್ ಅನಾಟಮಿ ಏನು ಕಮ್ಮಿ ಭಾರ ಅಲ್ಲ. ಸೇರೋ ಮುಂಚೆ ಕೇಳಬೇಕಾದ್ದು, ನಡುವೆ ಬಿಟ್ರೆ ಎಷ್ಟು ಕಟ್ಟಬೇಕು, ಒರಿಜಿನಲ್ ದಾಖಲೆ ಯಾವಾಗ ವಾಪಸ್ ಕೊಡ್ತೀರಿ ಅಂತ, ಅದೂ ಬರವಣಿಗೇಲಿ. ಕೌನ್ಸೆಲಿಂಗ್‌ನ ಕೊನೇ ರೌಂಡುಗಳಲ್ಲಿ ಆಪ್ಷನ್ ಹಾಕಿ, ಸೀಟ್ ಬಂದ್ಮೇಲೆ ಬೇಡ ಅನ್ನೋಕೆ ಹೋಗಬೇಡಿ, ಕಟ್ಟಿದ ದುಡ್ಡು ಹೋಗುತ್ತೆ, ಆಲ್ ಇಂಡಿಯಾ ಸೀಟು ಹಂಚೋ ಎಮ್‌ಸಿಸಿಯ ಸ್ಟ್ರೇ ರೌಂಡಲ್ಲಿ (ಉಳಿದ ಸೀಟಿನ ಕೊನೇ ರೌಂಡು) ಹಾಗೆ ಮಾಡಿದ್ರೆ ಮುಂದಿನ ವರ್ಷದ ನೀಟ್‌ಗೂ ಕತ್ತರಿ ಬೀಳಬಹುದು. ಕೂರೋದು ಅಂತ ಗಟ್ಟಿ ಆಗಿದ್ರೆ ಆ ರೌಂಡಿಗೆ ಕೈ ಹಾಕಲೇಬೇಡಿ.

ಮೇಲೆ ಹೇಳಿದ 290ರ ಹುಡುಗನಿಗೆ ಸಿಇಟಿ (ರಾಜ್ಯದ ಪ್ರವೇಶ ಪರೀಕ್ಷೆ) ರ‍್ಯಾಂಕು ಒಂದು ಮಟ್ಟಿಗೆ ಚೆನ್ನಾಗೇ ಇತ್ತು. ಶಿರಸಿ ಅರಣ್ಯ ಮಹಾವಿದ್ಯಾಲಯ, ಧಾರವಾಡ ಕೃಷಿ ವಿವಿಯದ್ದು, ಮನೆಯಿಂದ ಮುಕ್ಕಾಲು ಗಂಟೆ ದಾರಿ, ಅಪ್ಪನಿಗೆ ಅದು ಕಾಲೇಜು ಅಂತಲೇ ಕಣ್ಣಿಗೆ ಬಿದ್ದಿರ್ಲಿಲ್ಲ. ಅಲ್ಲಿ ಸೇರ್ದ. ಹೋದ ತಿಂಗಳು ಸಿಕ್ಕಾಗ ನಮ್ಮ ಕಾಲೇಜ್ ಹಿಂದಿನ ಗಿಡಗಳ ಸಸ್ಯಶಾಸ್ತ್ರದ ಹೆಸರು ನನಗಿಂತ ಸರಾಗ ಹೇಳ್ದ, ನಾಚಿಕೆ ಆಯ್ತು ಮಾರಾಯ್ರೆ. ಪಶುವೈದ್ಯಕೀಯ, ಕೃಷಿ, ನರ್ಸಿಂಗ್ ಇವೂ ಇವೆ, ಇವನ್ನೆಲ್ಲ "ಸೋತವರ ಕೋರ್ಸ್" ಅನ್ನೋದನ್ನ ಮನೆಯ ದೊಡ್ಡವರು ನಿಲ್ಲಿಸಿದ್ರೆ ಮಕ್ಕಳು ಅರ್ಧ ನಿರಾಳ ಆಗ್ತಾರೆ.

ಆರನೇದು: ಹೊರಬೀಳೋ ತಾರೀಕು ಈಗಲೇ ಬರೀರಿ

ಕೂರೋದು ಅಂತಾದ್ರೆ ಕ್ಯಾಲೆಂಡರಲ್ಲಿ ಎರಡು ಗುರುತು ಹಾಕಿ. ಅಕ್ಟೋಬರ್ ಕೊನೆ: ಪೂರ್ತಿ ಸಿಲಬಸ್ಸಿನ ಮಾಕ್ ಟೆಸ್ಟ್, ಮಧ್ಯಾಹ್ನ 2ರಿಂದ 5ರವರೆಗೆ, ಕಾಗದದ ಓಎಂಆರ್ ಮೇಲೆ, ಅದೇ ಮೂರು ಗುಡ್ಡೆ ಲೆಕ್ಕ. "ಓದೇ ಇರ್ಲಿಲ್ಲ" ಗುಡ್ಡೆ ಅರ್ಧಕ್ಕೆ ಇಳಿದಿರಬೇಕು. ಜನವರಿ ಕೊನೆ ಇನ್ನೊಂದು, ಆಗ್ಲೂ ಹಳೇ ನಂಬರಿನ ಸುತ್ತಲೇ ತಿರುಗ್ತಾ ಇದ್ರೆ ಸಿಇಟಿ ಕಡೆಗೂ ಓದು ಹಂಚೋದು ಜಾಣತನ. ನೀಟ್‌ಗೆ ಇಷ್ಟೇ ಸಲ ಅಂತಿಲ್ಲ, ವಯಸ್ಸಿನ ಮೇಲ್ಮಿತಿಯೂ ಇಲ್ಲ, ಅದೇ ದೊಡ್ಡ ಅಪಾಯ, ಬಾಗಿಲು ಯಾರೂ ಹಾಕಲ್ಲ, ನೀವೇ ಹಾಕಬೇಕು. ಎಂಬಿಬಿಎಸ್ ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು, ಆಮೇಲೆ ಪಿಜಿ ಮೂರು ಅಂತ ಎಣಿಸಿದ್ರೆ ಒಂದು ವರ್ಷ ಏನೂ ಅಲ್ಲ, ಮೂರು ವರ್ಷ ಕೂತ್ರೆ ಅದು ಬೇರೆ ಕಥೆ.

ಮದುವೆ ಮನೇಲಿ "ಮಾಣಿ ಈಗ ಎಂತ ಮಾಡ್ತಾ ಇದ್ದ?" ಅಂತ ಕೇಳೇ ಕೇಳ್ತಾರೆ. ಉತ್ತರ ಅಪ್ಪನೇ ಕೊಡಲಿ, ಮಗುವಿನ ಕೈಲಿ ಹೇಳಿಸಬೇಡಿ.

ಇನ್ನೊಂದು ಮರೆತಿದ್ದೆ. ಕೂತವರಲ್ಲಿ ವರ್ಷವೂ ಒಬ್ಬಿಬ್ಬರು ಎನ್‌ಟಿಎಗೆ ನೀಟ್ ಅರ್ಜಿ ಹಾಕಿ ಕೆಇಎ ಅರ್ಜಿ ಮರೀತಾರೆ, ಪಿಯು ಕಾಲೇಜಲ್ಲಿ ಇರುವಾಗ ನಾವು ಬೆನ್ನು ಹತ್ತಿ ಹಾಕಿಸ್ತೀವಿ, ಮನೇಲಿ ಕೂತವರಿಗೆ ನೆನಪಿಸೋರು ಇರಲ್ಲ. ರಾಜ್ಯದ ಸೀಟು ಬೇಕಂದ್ರೆ ಎರಡೂ ಬೇರೆ ಬೇರೆ ಹಾಕಬೇಕು. ಗ್ರಾಮೀಣ, ಕನ್ನಡ ಮಾಧ್ಯಮದ ಪ್ರಮಾಣಪತ್ರಕ್ಕೆ ಹಳೇ ಶಾಲೆಯ ಹೆಡ್‌ಮಾಸ್ಟರ ಸಹಿ, ಬಿಇಒ (ತಾಲೂಕಿನ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು, ಏಪ್ರಿಲ್ ರಜೇಲಿ ಇಬ್ಬರೂ ಸಿಗಲ್ಲ, ದೀಪಾವಳಿ ಮುಗಿದ ಕೂಡ್ಲೇ ಹೋಗಿ ಮಾಡಿಸ್ಕೊಂಡು ಬನ್ನಿ.